ಸಹಾಯ ಬೇಕು: ಪ್ರೊವಾನ್ಸ್‌ನಲ್ಲಿ ಫೆಸ್ಟೂನ್ ಚಿಟ್ಟೆಗಳು, ಏಪ್ರಿಲ್‌ನ ಯಾವ ವಾರ?

ಎಲ್ಲರಿಗೂ ನಮಸ್ಕಾರ. ಏಪ್ರಿಲ್‌ನಲ್ಲಿ ಆರು ದಿನ ದಕ್ಷಿಣ ಫ್ರಾನ್ಸ್‌ನ ಪ್ರೊವಾನ್ಸ್‌ಗೆ ಹೊರಟಿದ್ದೇವೆ, ಆರ್ಲ್‌ನಲ್ಲಿ ವಾಸ್ತವ್ಯ. ಹುಡುಕುವುದು ಎರಡನ್ನೇ: ಸದರ್ನ್ ಫೆಸ್ಟೂನ್ ಮತ್ತು ಸ್ಪ್ಯಾನಿಷ್ ಫೆಸ್ಟೂನ್.

ಎರಡರ ಮರಿಹುಳುವಿಗೂ ಆಹಾರ ಅರಿಸ್ಟೊಲೋಕಿಯಾ, ನಮ್ಮ ಈಶ್ವರಿ ಬಳ್ಳಿಯ ಕುಲ. ಆದರೆ ನೆಲ ಬೇರೆ. ಸದರ್ನ್‌ಗೆ ಬೇಕಾದ ಜಾತಿ ಅರಿಸ್ಟೊಲೋಕಿಯಾ ರೊಟುಂಡಾ ತೇವದ ಹುಲ್ಲುಗಾವಲು, ಕಾಲುವೆ ಬದಿಯಲ್ಲಿ ಬೆಳೆಯುತ್ತದೆ. ಸ್ಪ್ಯಾನಿಷ್‌ನ ಅರಿಸ್ಟೊಲೋಕಿಯಾ ಪಿಸ್ಟೊಲೋಕಿಯಾ ಒಣ ಸುಣ್ಣಕಲ್ಲಿನ ಇಳಿಜಾರಿನ ಕುಳ್ಳ ಗಿಡ, ಬಗ್ಗಿ ನೋಡದಿದ್ದರೆ ಕಾಣುವುದೇ ಇಲ್ಲ. ಹಾಗಾಗಿ ಮೊದಲು ಗಿಡ, ಆಮೇಲೆ ಚಿಟ್ಟೆ. ಗುರುತು: ಮುಂರೆಕ್ಕೆಯಲ್ಲಿ ದಪ್ಪ ಕೆಂಪು ಚುಕ್ಕೆಗಳು, ತುದಿಯ ಹತ್ತಿರ ಗಾಜಿನಂಥ ಪಾರದರ್ಶಕ ಕಿಟಕಿ ಇದ್ದರೆ ಸ್ಪ್ಯಾನಿಷ್. ಮುಂರೆಕ್ಕೆಯಲ್ಲಿ ಕೆಂಪು ಅತ್ಯಲ್ಪ, ಹಿಂರೆಕ್ಕೆಯ ಅಂಚಿನಲ್ಲಿ ನೀಲಿ ಇದ್ದರೆ ಸದರ್ನ್.

ಈಗ ಪ್ರಶ್ನೆಗಳು. ಸದರ್ನ್ ಸ್ವಲ್ಪ ಮುಂಚೆ ಹಾರಲು ಶುರು ಮಾಡುತ್ತದೆ. ತಿಂಗಳ ಕೊನೆಗೆ ಹೋದರೆ ರೆಕ್ಕೆ ಹರಿದವೇ ಸಿಗಬಹುದು. ಎರಡೂ ತಾಜಾ ಸಿಗುವುದು ಎರಡನೇ ವಾರವೋ, ಮೂರನೆಯದೋ? ಕಾಲುವೆ ಬದಿಯ ಹುಲ್ಲು ಕೊಯ್ದರೆ ಮೊಟ್ಟೆ, ಹುಳು ಸಮೇತ ಗಿಡ ಹೋಗುತ್ತದೆ; ಇತ್ತೀಚೆಗೆ ಕೊಯ್ಯದ ಜಾಗ ಯಾರಿಗಾದರೂ ಗೊತ್ತೇ? ಕಾರಿಲ್ಲದೆ ಆಲ್ಪಿಲ್ ಬೆಟ್ಟದ ತಪ್ಪಲು ತಲುಪಲು ಬಸ್ ಸಾಕೇ? ಮಿಸ್ಟ್ರಾಲ್ ಗಾಳಿ ಬೀಸಿದ ದಿನ ಯಾವ ಕಣಿವೆಯಲ್ಲಿ ಮರೆ ಸಿಗುತ್ತದೆ?

ಬಲೆ ತರುವುದಿಲ್ಲ, ಸದರ್ನ್ ಅಲ್ಲಿ ಸಂರಕ್ಷಿತ ಜಾತಿ. ಬೆಳಗಿನ ತಂಪಿನಲ್ಲಿ ರೆಕ್ಕೆ ಬಿಚ್ಚಿ ಕೂತಾಗ ಫೋಟೊ ಸಾಕು. ನಿಖರ ಜಾಗವನ್ನು ಗುಂಪಿನಲ್ಲಿ ಹಾಕದೆ ಖಾಸಗಿಯಾಗಿ ತಿಳಿಸಿ.