ಅಪ್‌ಡೇಟ್: ನಿಂಬೆ ಗಿಡದ ಹಳದಿ ಚಿಗುರು, ಕಳ್ಳ ನಾನೇ!

ಗಿಡ ಬದುಕಿತು! ಮೂರು ವಾರದ ಹಿಂದೆ ಕೇಳಿದ್ದೆನಲ್ಲ, ಕುಂಡದ ನಿಂಬೆ ಗಿಡದಲ್ಲಿ ಹೊಸ ಎಲೆಗಳೆಲ್ಲ ಹಳದಿ, ನರಗಳು ಮಾತ್ರ ಹಸಿರು ಅಂತ.

ಸಾರಜನಕ ಕಡಿಮೆಯೇನೋ ಅಂತ ಮೊದಲು ಯೂರಿಯಾ ಹಾಕಿದೆ. ಎರಡು ಎಲೆಯ ತುದಿ ಸುಟ್ಟಿತು, ಅಷ್ಟೇ. ಮೆಗ್ನೀಸಿಯಂಗೆ ಅಂತ ಹಾಕಿದ ಎಪ್ಸಮ್ ಉಪ್ಪೂ ದಂಡ. ನೀರು ಜಾಸ್ತಿಯಾಗಿರಬಹುದು ಎಂದು ಕೆಲವರು ಹೇಳಿದ್ದಕ್ಕೆ ಬೇರು ನೋಡಿದೆ, ಬೆಳ್ಳಗೆ ಗಟ್ಟಿಯಾಗಿಯೇ ಇತ್ತು. ಆಮೇಲೆ ಅರ್ಥವಾಯಿತು: ಸಾರಜನಕ, ಮೆಗ್ನೀಸಿಯಂ ಕಡಿಮೆಯಾದರೆ ಗಿಡ ಹಳೇ ಎಲೆಯಿಂದ ಎಳೆದು ಚಿಗುರಿಗೆ ಕೊಡುತ್ತದೆ. ಹಾಗಾಗಿ ಮೊದಲು ಹಳದಿಯಾಗುವುದು ಕೆಳಗಿನ ಎಲೆಗಳು. ಕಬ್ಬಿಣವನ್ನು ಹಾಗೆ ಸುಲಭವಾಗಿ ಸಾಗಿಸಲು ಆಗುವುದಿಲ್ಲ, ಪೆಟ್ಟು ಚಿಗುರಿಗೇ. ನನ್ನದು ಅದೇ.

ಮಣ್ಣಿನ ಪಿಎಚ್ (ಹುಳಿ-ಕ್ಷಾರದ ಅಳತೆ; 7ಕ್ಕಿಂತ ಮೇಲೆ ಹೋದರೆ ಕ್ಷಾರ) ನೋಡಿ ಎಂದವರಿಗೆ ದೊಡ್ಡ ನಮಸ್ಕಾರ. ನೋಡಿದರೆ 8! ನಿಂಬೆಗೆ 6ರಿಂದ 7 ಇದ್ದರೆ ಚೆನ್ನ. ಪಿಎಚ್ ಇಷ್ಟು ಜಾಸ್ತಿಯಾದ್ದರಿಂದ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುತ್ತಿರಲಿಲ್ಲ. ಪಿಎಚ್ ಏರಿದ್ದಕ್ಕೆ ಕಾರಣ, ಒಳ್ಳೆಯದಾಗಲಿ ಅಂತ ನಾನೇ ತಿಂಗಳುಗಟ್ಟಲೆ ಸುರಿದ ಸೌದೆ ಬೂದಿ. ಅದು ಕ್ಷಾರ ಅನ್ನೋದು ಹೊಳೆದೇ ಇರಲಿಲ್ಲ.

ಬೂದಿ ನಿಲ್ಲಿಸಿದೆ. ಮೇಲಿನ ಮಣ್ಣು ತೆಗೆದು ಹೊಸದು ಹಾಕಿ, ಚೀಲೇಟ್ ಕಬ್ಬಿಣವನ್ನು (ಬೇರಿಗೆ ಸಿಗುವಂತೆ ಬೇರೊಂದು ವಸ್ತು ಹಿಡಿದಿಟ್ಟಿರುವ ಕಬ್ಬಿಣ) ನೀರಲ್ಲಿ ಕರಗಿಸಿ ಕೊಟ್ಟೆ. ಕೊಳ್ಳುವಾಗ ಡಬ್ಬಿ ಓದಿ: ಆ ಹಿಡಿದಿಡುವ ವಸ್ತು ಇಡಿಟಿಎ (EDTA) ಅಂತಿದ್ದರೆ ಇಷ್ಟು ಪಿಎಚ್‌ನಲ್ಲಿ ಕೆಲಸಕ್ಕೆ ಬರುವುದಿಲ್ಲ, ಇಡಿಡಿಎಚ್‌ಎ (EDDHA) ಇರುವುದನ್ನೇ ತೆಗೆದುಕೊಳ್ಳಿ.

ಈಗ ಬಂದಿರುವ ಚಿಗುರೆಲ್ಲ ಹಸಿರು. ಹಳೇ ಹಳದಿ ಎಲೆಗಳು ಪೂರ್ತಿ ಸರಿಹೋಗಿಲ್ಲ, ಸುಮ್ನೆ ಬಿಟ್ಟಿದ್ದೇನೆ.