ಮೂಡಿಗೆರೆಯ ಹಳೆಯ ತೊಟ್ಟಿಮನೆ: ಜರ್ಮನಿಯಲ್ಲಿ ನೆಲೆಸುತ್ತಿರುವವನು ದುರಸ್ತಿ ಮಾಡಿಸುವುದು ಹೇಗೆ?

ತೊಟ್ಟಿಮನೆ ಮೂಡಿಗೆರೆ ಅವರ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ತಾಲ್ಲೂಕಿನಲ್ಲಿ, ಕಾಫಿ ತೋಟದ ಅಂಚಿಗೆ, ನಮ್ಮ ಅಜ್ಜ ಕಟ್ಟಿಸಿದ ತೊಟ್ಟಿಮನೆಯೊಂದಿದೆ. ಕೆಮ್ಮಣ್ಣಿನ ದಪ್ಪ ಗೋಡೆಗಳು, ಬೀಟೆ ಮತ್ತು ಹಲಸಿನ ಕಂಬಗಳು, ನಡುಮನೆಗೆ ಹಲಗೆಯ ಮುಚ್ಚಿಗೆ, ಅದರ ಮೇಲೆ ಅಟ್ಟ, ಸುತ್ತಲೂ ಮಂಗಳೂರು ಹಂಚಿನ ಮಾಡು. ಅಪ್ಪ ತೀರಿಕೊಂಡ ಮೇಲೆ ಅಮ್ಮ ಹಾಸನದಲ್ಲಿರುವ ಅಕ್ಕನ ಮನೆಗೆ ಹೋದರು, ತಮ್ಮ ಬೆಂಗಳೂರಿನಲ್ಲಿದ್ದಾನೆ, ನಾನು ಸಂಸಾರ ಸಮೇತ ಮ್ಯೂನಿಕ್‌ನಲ್ಲಿದ್ದೇನೆ. ಹೀಗಾಗಿ ಮನೆಗೆ ಬೀಗ ಬಿದ್ದಿದೆ.

ಕಳೆದ ಮಳೆಗಾಲದ ನಂತರ ಪಕ್ಕದ ತೋಟದ ಚಿಕ್ಕಪ್ಪ ಕಳಿಸಿದ ಚಿತ್ರಗಳನ್ನು ನೋಡಿ ಮನಸ್ಸಿಗೆ ಬಹಳ ನೋವಾಯಿತು. ತೊಟ್ಟಿಯ ಒಂದು ಮೂಲೆಯಲ್ಲಿ, ಎರಡು ಮಾಡುಗಳು ಕೂಡುವ ಕಡೆ, ತಗಡಿನ ದೋಣಿ ತುಕ್ಕು ಹಿಡಿದು ನೀರು ಒಳಗಿಳಿಯುತ್ತಿದೆ. ಅದರ ಕೆಳಗಿನ ತೊಲೆಯ ತುದಿ ಕೊಳೆತಿದೆ. ಅಡುಗೆಮನೆಯ ಗೋಡೆಗೆ ಗೆದ್ದಲು ಹತ್ತಿದೆ. ಬಂದು ನೋಡಿದ ಒಬ್ಬ ಗುತ್ತಿಗೆದಾರರು ಎಲ್ಲವನ್ನೂ ಕೆಡವಿ ಆರ್‌ಸಿಸಿ ಮನೆ ಕಟ್ಟಿಸಿ ಎನ್ನುತ್ತಾರೆ. ಇನ್ನೊಬ್ಬರು ಗೋಡೆಗಳಿಗೆ ಸಿಮೆಂಟ್ ಗಾರೆ ಬಳಿದು, ಹಂಚಿನ ಮೇಲೆ ಶೀಟು ಹೊದಿಸಿದರೆ ಸಾಕು ಎನ್ನುತ್ತಾರೆ. ನನಗೆ ಎರಡೂ ಒಪ್ಪಿಗೆಯಾಗುತ್ತಿಲ್ಲ.

ಇದರ ಜೊತೆಗೆ ಇನ್ನೊಂದು ವಿಷಯವಿದೆ. ಜರ್ಮನಿಯಲ್ಲಿ 2024ರ ಜೂನ್ 27ರಂದು ಜಾರಿಗೆ ಬಂದ ಕಾನೂನಿನಂತೆ ಐದು ವರ್ಷ ನೆಲೆಸಿದವರು ಪೌರತ್ವಕ್ಕೆ ಅರ್ಜಿ ಹಾಕಬಹುದು, ಮೂಲ ಪೌರತ್ವವನ್ನು ಬಿಡಬೇಕೆಂದು ಆ ದೇಶ ಈಗ ಕೇಳುವುದಿಲ್ಲ. ಆದರೆ ಭಾರತವು ಎರಡು ಪೌರತ್ವಗಳನ್ನು ಒಪ್ಪುವುದಿಲ್ಲವಾದ್ದರಿಂದ, ಮಕ್ಕಳ ಓದಿಗಾಗಿ ಅಲ್ಲಿಯೇ ನಿಲ್ಲಬೇಕಾಗಿರುವ ನಾನು ಭಾರತದ ಪಾಸ್‌ಪೋರ್ಟನ್ನು ಒಪ್ಪಿಸಬೇಕಾಗುತ್ತದೆ. ಹಾಗಾದಾಗ ಮನೆಯ ಮೇಲಿನ ನನ್ನ ಹಕ್ಕು ಏನಾಗುತ್ತದೆ? ಕ್ರಿಸ್‌ಮಸ್ ರಜೆಯಲ್ಲಿ ಮಾತ್ರ ಊರಿಗೆ ಬರಬಲ್ಲವನು ಈ ಕೆಲಸವನ್ನು ಎಲ್ಲಿಂದ ಆರಂಭಿಸಬೇಕು? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಸಕಲೇಶಪುರದ ನಿವಾಸಿ ಅವರ ಉತ್ತರ

ಕೆಡವಬೇಡಿ. ನೀವು ವಿವರಿಸಿದ ಹಾನಿ ಒಂದು ಮೂಲೆಗೆ ಸೀಮಿತವಾಗಿದೆ, ಅದರ ಮೂಲವೂ ತಿಳಿದಿದೆ. ನಮ್ಮ ಮನೆಯನ್ನು ದುರಸ್ತಿ ಮಾಡಿಸಿದ ಅನುಭವದಿಂದ ಹೇಳುವುದಾದರೆ, ಮೊದಲು ಮಾಡು, ನಂತರ ಮರ, ಆಮೇಲೆ ಗೋಡೆ, ಎಲ್ಲಕ್ಕಿಂತ ಕೊನೆಗೆ ನೆಲ ಮತ್ತು ಬಣ್ಣ. ನೀರು ಇಳಿಯುತ್ತಿರುವಾಗ ಗೋಡೆಗೆ ಖರ್ಚು ಮಾಡಿದ ಹಣ ಮುಂದಿನ ಆಷಾಢದಲ್ಲಿ ಕೊಚ್ಚಿಹೋಗುತ್ತದೆ.

ಆದ್ದರಿಂದ ಈಗಲೇ, ನೀವು ಬರುವವರೆಗೂ ಕಾಯದೆ, ಆ ಮೂಲೆಗೆ ಗಟ್ಟಿ ತಾಡಪಾಲು ಹೊದಿಸಿ, ಕೊಳೆತ ತೊಲೆಗೆ ಕೆಳಗಿನಿಂದ ಮರದ ಊರೆ (ಆಸರೆಯ ಕಂಬ) ಕೊಡಿಸಿ. ಇದನ್ನು ಚಿಕ್ಕಪ್ಪನವರೇ ಮಾಡಿಸಬಹುದು. ಮಾಡಿನ ನಿಜವಾದ ಕೆಲಸಕ್ಕೆ ಮಾತ್ರ ಡಿಸೆಂಬರ್ ಸೂಕ್ತವಲ್ಲ. ಆಗ ಅರೇಬಿಕಾ ಕೊಯ್ಲು, ಅದು ಮುಗಿಯುವಷ್ಟರಲ್ಲಿ ರೊಬಸ್ಟಾ ಶುರುವಾಗುತ್ತದೆ, ನಮ್ಮ ಕಡೆ ಆಳುಗಳು ಸಿಗುವುದೇ ಕಷ್ಟ. ಕೊಯ್ಲು ಮುಗಿದ ಮೇಲಿನ ಮಾರ್ಚ್, ಏಪ್ರಿಲ್ ತಿಂಗಳುಗಳೇ ಸರಿಯಾದ ಕಾಲ. ನಡುವೆ ಕಾಫಿ ಹೂ ಅರಳಿಸುವ ಹೂಮಳೆ ಬಂದರೂ ತಾಡಪಾಲು ಹಾಕಿಕೊಂಡು ಮುಂದುವರಿಯಬಹುದು. ಮೃಗಶಿರಾ ಮಳೆ ಹಿಡಿಯುವ ಮೊದಲು ಹಂಚು ಹೊದಿಸಿ ಮುಗಿದಿರಬೇಕು. ಕ್ರಿಸ್‌ಮಸ್ ರಜೆಯನ್ನು ಅಳತೆ, ಚಿತ್ರ, ಮಾತುಕತೆ ಮತ್ತು ಸಾಮಾನಿನ ಖರೀದಿಗೆ ಇಟ್ಟುಕೊಂಡು, ಸಾಧ್ಯವಾದರೆ ಈಸ್ಟರ್ ರಜೆಯಲ್ಲಿ ಒಮ್ಮೆ ಬನ್ನಿ.

ಹಂಚಿನ ವಿಷಯದಲ್ಲಿ ಒಂದು ಎಚ್ಚರಿಕೆ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ನಂತರ ಅಲ್ಲಿ ಹಲವು ಕಾರ್ಖಾನೆಗಳು ಹುಟ್ಟಿಕೊಂಡವು. ಎಲ್ಲವೂ ಮಂಗಳೂರು ಹಂಚೇ ಆದರೂ ಒಂದರ ಕಚ್ಚು ಇನ್ನೊಂದಕ್ಕೆ ಸರಿಯಾಗಿ ಕೂರುತ್ತದೆಂಬ ಭರವಸೆಯಿಲ್ಲ. ನಿಮ್ಮ ಹಂಚನ್ನು ತಿರುಗಿಸಿ ನೋಡಿದರೆ ಕಾರ್ಖಾನೆಯ ಹೆಸರು ಅಚ್ಚಾಗಿರುತ್ತದೆ. ಮಾದರಿಗೆ ಒಂದು ಹಂಚನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ, ಹಳೆಯ ಮನೆ ಬಿಚ್ಚಿದವರ ಬಳಿ ಅದೇ ಅಚ್ಚಿನದನ್ನು ಹುಡುಕಿಸಿ. ಚದರ ಮೀಟರಿಗೆ ಸುಮಾರು 15 ಹಂಚು ಬೇಕಾಗುತ್ತದೆ. ಮಂಗಗಳು ಒಡೆಯುವುದನ್ನು ಲೆಕ್ಕ ಹಿಡಿದು ಅಟ್ಟದಲ್ಲಿ ಹೆಚ್ಚುವರಿ ಇಟ್ಟಿರಿ.

ಮರಕ್ಕೆ ಬಂದರೆ, ಇಡೀ ತೊಲೆಯನ್ನು ಬದಲಿಸುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಶಿಲೀಂಧ್ರದಿಂದ ಮರ ಕೊಳೆಯಬೇಕಾದರೆ ಅದರಲ್ಲಿ ಸುಮಾರು ಶೇಕಡಾ 20ಕ್ಕಿಂತ ಹೆಚ್ಚು ತೇವ ಇರಬೇಕು. ಸೋರಿಕೆ ನಿಂತು ಗಾಳಿಯಾಡಿದರೆ ಕೊಳೆತವೂ ಅಲ್ಲಿಗೇ ನಿಲ್ಲುತ್ತದೆ. ಕೊಳೆತ ತುದಿಯನ್ನಷ್ಟೇ ಕತ್ತರಿಸಿ, ಚೆನ್ನಾಗಿ ಒಣಗಿದ ಹಳೆಯ ಮರದ ತುಂಡನ್ನು ಕಚ್ಚು ತೆಗೆದು ಕೂಡಿಸುವ ಆಚಾರಿಗಳು ನಮ್ಮ ಸೀಮೆಯಲ್ಲಿ ಇನ್ನೂ ಇದ್ದಾರೆ. ಅಂಥವರನ್ನು ಹುಡುಕುವುದಕ್ಕೆ ಎಷ್ಟು ಕಾಲ ಹಿಡಿದರೂ ಅದು ವ್ಯರ್ಥವಲ್ಲ. ಕೊರೆಯುವ ಹುಳುಗಳು ಹೆಚ್ಚಾಗಿ ಹೊರಗಿನ ಬಿಳಿಯ ಭಾಗವನ್ನು ತಿನ್ನುತ್ತವೆ, ಒಳಗಿನ ಚೇಗು (ಮರದ ತಿರುಳು) ಗಟ್ಟಿಯಾಗಿಯೇ ಉಳಿದಿರುತ್ತದೆ. ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣವನ್ನು ಮರ ಕುಡಿಯುವಷ್ಟು ಬಳಿಸಿ, ಒಣಗಿದ ಮೇಲೆ ಎಣ್ಣೆ ಹಚ್ಚಿಸಿ. ಹಿಂದಿನವರು ಬಳಸುತ್ತಿದ್ದ ಗೇರೆಣ್ಣೆಯೂ ಒಳ್ಳೆಯದೇ, ಆದರೆ ಅದು ಚರ್ಮವನ್ನು ಸುಡುತ್ತದೆ, ಕೈಗವಸು ಇಲ್ಲದೆ ಮುಟ್ಟಬಾರದು. ಹೊಸ ಮರ ಬೇಕೇ ಆದರೆ, ತೋಟದಲ್ಲಿ ಬೀಟೆ ಇದೆಯೆಂದು ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಡಿಸಲು ಹೋಗಬೇಡಿ.

ಮಣ್ಣಿನ ಗೋಡೆಗೆ ಸಿಮೆಂಟ್ ಗಾರೆ ಮಾತ್ರ ಬೇಡವೇ ಬೇಡ. ಮಣ್ಣಿನ ಗೋಡೆ ನೆಲದಿಂದಲೂ ಮಳೆಯಿಂದಲೂ ತೇವವನ್ನು ಎಳೆದುಕೊಂಡು ಬಿಸಿಲಿನಲ್ಲಿ ಹೊರಗೆ ಬಿಡುತ್ತದೆ. ಸಿಮೆಂಟು ಅದಕ್ಕೆ ದಾರಿ ಕೊಡುವುದಿಲ್ಲ. ಕೆಲವು ವರ್ಷಗಳಲ್ಲಿ ಗಾರೆ ಬಿರುಕು ಬಿಟ್ಟು, ಬಿರುಕಿನಿಂದ ಒಳಹೋದ ನೀರು ಅಲ್ಲಿಯೇ ನಿಂತು, ಹೊರಗೆ ಚೆನ್ನಾಗಿ ಕಾಣುವ ಗೋಡೆ ಒಳಗೆ ಮೆತ್ತಗಾಗುತ್ತದೆ. ನೀರಿನಲ್ಲಿ ಕೆಲವು ವಾರ ಕೊಳೆಹಾಕಿದ ಸುಣ್ಣ, ಅದರ ಮೂರರಷ್ಟು ಮರಳು, ಮಳೆಗೆ ಬೀಳುವ ಕಡೆ ಸ್ವಲ್ಪ ಸುಟ್ಟ ಇಟ್ಟಿಗೆಯ ಪುಡಿ: ಈ ಗಾರೆ ಸಾಕು. ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ನಿಧಾನವಾಗಿ ಕಲ್ಲಾಗುವಂಥದ್ದು, ಆತುರಪಡಿಸಿದರೆ ಉದುರುತ್ತದೆ.

ಚಿಕ್ಕಮಗಳೂರಿನ ವಕೀಲ ಅವರ ಉತ್ತರ

ಮೇಲಿನ ಸಲಹೆಗಳೆಲ್ಲವೂ ಉಪಯುಕ್ತ, ಆದರೆ ದೊಡ್ಡ ಖರ್ಚಿಗೆ ಇಳಿಯುವ ಮೊದಲು ಕಾಗದಪತ್ರಗಳನ್ನು ನೋಡಬೇಕು. ನಿಮ್ಮ ತಂದೆಯವರು ಉಯಿಲು ಬರೆಯದೆ ತೀರಿಕೊಂಡಿದ್ದರೆ, ಮನೆ ನಿಮ್ಮೊಬ್ಬರದಲ್ಲ; ತಾಯಿ, ಅಕ್ಕ, ತಮ್ಮ ಎಲ್ಲರಿಗೂ ಅದರಲ್ಲಿ ಪಾಲಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿಯ ನಂತರ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ. ನೀವು ಅಕ್ಕರೆಯಿಂದ ಲಕ್ಷಗಟ್ಟಲೆ ಸುರಿದ ಮೇಲೆ ಪಾಲಿನ ಮಾತು ಬಂದರೆ, ಹಾಕಿದ ಹಣದ ಲೆಕ್ಕವೇ ಮನಸ್ತಾಪಕ್ಕೆ ಕಾರಣವಾಗುತ್ತದೆ. ಮೊದಲು ಪೌತಿ ಖಾತೆ (ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಮಾಡಿಸಿ, ನಂತರ ಎಲ್ಲರೂ ಕುಳಿತು ಮಾತನಾಡಿ, ಒಪ್ಪಿದ್ದನ್ನು ನೋಂದಾಯಿತ ವಿಭಾಗ ಪತ್ರದಲ್ಲಿ ಬರೆಸಿ.

ಎರಡನೆಯದು, ಮನೆ ನಿಂತಿರುವ ಜಾಗ ಯಾವುದು? ಅದು ಗ್ರಾಮಠಾಣದೊಳಗೆ (ಊರಿನ ವಸತಿ ಪ್ರದೇಶದೊಳಗೆ) ಇದ್ದರೆ ಪಂಚಾಯಿತಿಯ ಇ-ಸ್ವತ್ತು ದಾಖಲೆಯಲ್ಲಿ ವಾಸದ ಸ್ವತ್ತಾಗಿ ಬರುತ್ತದೆ. ತೋಟದ ಪಹಣಿಯೊಳಗೇ ಇದ್ದರೆ ಲೆಕ್ಕ ಬೇರೆ. ವಿದೇಶದಲ್ಲಿ ನೆಲೆಸಿದ ಭಾರತೀಯರಾಗಲಿ, ಒಸಿಐ ಕಾರ್ಡು (ಬೇರೆ ದೇಶದ ಪೌರತ್ವ ಪಡೆದ ಭಾರತೀಯ ಮೂಲದವರಿಗೆ ಭಾರತ ಕೊಡುವ ಕಾರ್ಡು) ಹೊಂದಿದವರಾಗಲಿ, ಭಾರತದಲ್ಲಿ ವಾಸದ ಮನೆಯನ್ನು ಕೊಳ್ಳಬಹುದು. ಕೃಷಿ ಭೂಮಿ, ತೋಟ ಮತ್ತು ತೋಟದ ಮನೆಯನ್ನು ಸಾಮಾನ್ಯವಾಗಿ ಕ್ರಯಕ್ಕೆ ಪಡೆಯುವಂತಿಲ್ಲ. ಆದರೆ ಇವೆಲ್ಲವೂ ಉತ್ತರಾಧಿಕಾರವಾಗಿ ಬರಬಹುದು, ಹಾಗೆ ಬಂದದ್ದನ್ನು ಪೌರತ್ವ ಬದಲಾದ ಮೇಲೂ ಇಟ್ಟುಕೊಳ್ಳಬಹುದು. ಮುಂದೆ ಎಂದಾದರೂ ತೋಟವನ್ನು ಮಾರುವುದಾದರೆ ಭಾರತದಲ್ಲೇ ವಾಸವಾಗಿರುವ ಭಾರತೀಯ ಪ್ರಜೆಗೆ ಮಾತ್ರ ಮಾರಬೇಕು. ಹಾಗಾಗಿ ಜರ್ಮನ್ ಪೌರತ್ವದಿಂದ ನಿಮ್ಮ ಪಾಲು ಕೈತಪ್ಪುವುದಿಲ್ಲ. ತೊಡಕು ಬರುವುದು ಅಕ್ಕನ ಅಥವಾ ತಮ್ಮನ ಪಾಲನ್ನು ಹಣ ಕೊಟ್ಟು ಪಡೆಯಲು ಹೊರಟಾಗ. ಆ ಮಾತುಕತೆಗೆ ಇಳಿಯುವ ಮುನ್ನ ಈ ವಿಷಯ ಬಲ್ಲವರಿಂದ ಪತ್ರಗಳನ್ನು ಪರಿಶೀಲಿಸಿಕೊಳ್ಳಿ.

ಊರಿನಲ್ಲಿ ನಿಮ್ಮ ಪರವಾಗಿ ಓಡಾಡುವವರಿಗೆ ಅಧಿಕಾರ ಪತ್ರ ಕೊಡಬೇಕಾದರೆ, ಮ್ಯೂನಿಕ್‌ನಲ್ಲಿರುವ ಭಾರತೀಯ ದೂತಾವಾಸ ಕಚೇರಿಯಲ್ಲಿ ಸಹಿ ದೃಢೀಕರಿಸಿ ಕಳಿಸಿ. ಅದು ಕರ್ನಾಟಕಕ್ಕೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಇದನ್ನು ಬಹಳ ಜನ ಮರೆಯುತ್ತಾರೆ. ಎಲ್ಲಕ್ಕೂ ಅನ್ವಯಿಸುವ ಅಧಿಕಾರ ಪತ್ರ ಬೇಡ. ದುರಸ್ತಿ, ಪಂಚಾಯಿತಿ ವ್ಯವಹಾರ, ವಿದ್ಯುತ್ ಸಂಪರ್ಕ ಎಂದು ಕೆಲಸಗಳನ್ನು ಹೆಸರಿಸಿ, ಮಾರುವ ಅಥವಾ ಅಡವಿಡುವ ಅಧಿಕಾರ ಇಲ್ಲವೆಂದು ಸ್ಪಷ್ಟವಾಗಿ ಬರೆಸಿ. ನಂಬಿಕೆಯಿರುವ ಚಿಕ್ಕಪ್ಪನಿಗೇ ಕೊಟ್ಟರೂ ಹೀಗೆ ಬರೆಯುವುದು ಅವರಿಗೂ ಕ್ಷೇಮ.

ಕೊಪ್ಪದ ಓದುಗ ಅವರ ಉತ್ತರ

ನನ್ನ ಅಭಿಪ್ರಾಯ ಸ್ವಲ್ಪ ಭಿನ್ನವಾಗಿದೆ. ಯಾರೂ ವಾಸಿಸದ ಮನೆಯನ್ನು ಎಷ್ಟು ಚೆನ್ನಾಗಿ ಸರಿಪಡಿಸಿದರೂ ನಮ್ಮ ಮಳೆಯಲ್ಲಿ ಅದು ಮತ್ತೆ ಹಾಳಾಗುತ್ತದೆ. ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ವಿಜಯನಾಥ ಶೆಣೈ ಅವರು ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದ್ದನ್ನು ನೋಡಿದವರಿಗೆ, ಮರದ ಮನೆಯನ್ನು ಕಂಬ ಕಂಬವಾಗಿ ಬಿಚ್ಚಿ ಕಟ್ಟುವುದು ಸಾಧ್ಯವೆಂದು ತಿಳಿದಿದೆ. ನಡುಮನೆ ಮತ್ತು ತೊಟ್ಟಿಯ ಕಂಬಗಳನ್ನು ಬಿಚ್ಚಿ, ಹಾಸನದಲ್ಲೋ ಬೆಂಗಳೂರಿನಲ್ಲೋ ಕುಟುಂಬದವರು ವಾಸಿಸುವ ಕಡೆ ಸಣ್ಣದಾಗಿ ಕಟ್ಟಿಸುವುದನ್ನೂ ಯೋಚಿಸಿ. ಮರವಾದರೂ ಮನೆಯವರ ಬಳಿ ಉಳಿಯುತ್ತದೆ.

ಸಕಲೇಶಪುರದ ನಿವಾಸಿ ಅವರ ಉತ್ತರ

ಕೊಪ್ಪದವರೇ, ವಾಸವಿಲ್ಲದ ಮನೆ ಉಳಿಯದೆಂಬ ನಿಮ್ಮ ಮಾತನ್ನು ಪೂರ್ಣವಾಗಿ ಒಪ್ಪುತ್ತೇನೆ. ಒಲೆಯ ಹೊಗೆ ಅಟ್ಟದ ಮರಕ್ಕೆ ಹುಳು ಹತ್ತದಂತೆ ನೋಡಿಕೊಳ್ಳುತ್ತಿತ್ತು, ಕಿಟಕಿ ತೆಗೆದು ಮುಚ್ಚುವವರಿದ್ದಾಗ ಗೋಡೆ ಒಣಗುತ್ತಿತ್ತು, ಒಂದು ಹಂಚು ಜಾರಿದರೆ ಅದೇ ದಿನ ಯಾರೋ ಏರಿ ಸರಿಪಡಿಸುತ್ತಿದ್ದರು. ಆದರೆ ಹಸ್ತಶಿಲ್ಪದ ಕೆಲಸ ಬೇರೆ ದಾರಿಯಿಲ್ಲದ ಮನೆಗಳಿಗೆ ಸಂದದ್ದು. ಮಣ್ಣಿನ ಗೋಡೆಯನ್ನು ಬಿಚ್ಚಿ ಒಯ್ಯಲಾಗುವುದಿಲ್ಲ, ಮಾಡಿನ ಇಳಿಜಾರು ಈ ಮಳೆಗೆಂದೇ ಅಳೆದದ್ದು. ಮರಕ್ಕೆ ಸಾಗಣೆ ಪರವಾನಗಿಯೂ ಬೇಕಾದೀತು.

ಪ್ರಶ್ನೆ ಕೇಳಿದವರಿಗೆ ನನ್ನ ಸಲಹೆ: ಮನೆಯನ್ನು ಎರಡು ಭಾಗವೆಂದು ಭಾವಿಸಿ ಕೆಲಸ ಮಾಡಿಸಿ. ಅಡುಗೆಮನೆ, ಅದರ ಪಕ್ಕದ ಎರಡು ಕೋಣೆ ಮತ್ತು ಬಚ್ಚಲನ್ನು ಮೊದಲ ವರ್ಷವೇ ವಾಸಕ್ಕೆ ಸಿದ್ಧಪಡಿಸಿ, ಹಳೆಯ ವೈರಿಂಗ್ ಪೂರ್ತಿ ತೆಗೆಸಿ, ಶೌಚಾಲಯವನ್ನು ಮಣ್ಣಿನ ಗೋಡೆಗೆ ತಾಗದಂತೆ ಹೊರಗೆ ಕಟ್ಟಿಸಿ, ತೋಟ ನೋಡಿಕೊಳ್ಳುವ ಒಂದು ಸಂಸಾರವನ್ನು ಲಿಖಿತ ಒಪ್ಪಂದದೊಂದಿಗೆ ಅಲ್ಲಿರಿಸಿ. ಅವರಿಗೆ ಕೊಡುವ ಸಂಬಳದಲ್ಲಿ ವಾರಕ್ಕೊಮ್ಮೆ ಎಲ್ಲ ಕೋಣೆಗಳ ಬಾಗಿಲು ತೆರೆಯುವುದು, ಮಳೆಗೆ ಮುನ್ನ ಹಂಚು ಕೈಯಾಡಿಸುವುದು, ದೋಣಿಯ ತರಗೆಲೆ ತೆಗೆಯುವುದು ಸೇರಿರಲಿ. ಉಳಿದ ಭಾಗವನ್ನು ಸೋರದಂತೆ ಮಾಡಿ ಬಿಟ್ಟರೆ, ಅದು ನಿಮ್ಮ ಅನುಕೂಲಕ್ಕೆ ಕೆಲವು ವರ್ಷ ಕಾಯುತ್ತದೆ. ಶೀಟು ಹೊದಿಸುವ ಮಾತೂ ಪೂರ್ತಿ ತಪ್ಪಲ್ಲ. ಕೆಳಗೆ ಗಾಳಿಯಾಡುವಷ್ಟು ಜಾಗ ಬಿಟ್ಟು ತಾತ್ಕಾಲಿಕವಾಗಿ ಹಾಕಿದರೆ ಎರಡು ಮಳೆಗಾಲ ದಾಟಿಸಬಹುದು.

ತೊಟ್ಟಿಮನೆ ಮೂಡಿಗೆರೆ ಅವರ ಪ್ರತಿಕ್ರಿಯೆ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಚಿಕ್ಕಪ್ಪನವರಿಗೆ ಇಂದೇ ಕರೆ ಮಾಡಿ ತಾಡಪಾಲು ಮತ್ತು ಊರೆಯ ವಿಷಯ ತಿಳಿಸಿದ್ದೇನೆ. ಅಕ್ಕನೊಡನೆಯೂ ಮಾತನಾಡಿದೆ, ಮನೆ ಉಳಿಯಬೇಕೆಂಬುದರಲ್ಲಿ ಅವರಿಗೂ ನನ್ನಷ್ಟೇ ಆಸೆಯಿದೆ, ಡಿಸೆಂಬರ್‌ನಲ್ಲಿ ಅಮ್ಮನೂ ನಾವು ಮೂವರೂ ಸೇರಿ ಪೌತಿ ಖಾತೆಗೆ ಅರ್ಜಿ ಕೊಡೋಣ ಎಂದಿದ್ದಾರೆ. ನನ್ನ ಪೌರತ್ವದ ಅರ್ಜಿಯನ್ನು ವಿಭಾಗ ಪತ್ರ ಆಗುವವರೆಗೆ ತಡೆದಿಡಬೇಕೇ?

ಚಿಕ್ಕಮಗಳೂರಿನ ವಕೀಲ ಅವರ ಉತ್ತರ

ತಡೆದಿಡುವ ಅಗತ್ಯವಿಲ್ಲ. ತಂದೆಯವರ ಪಾಲು ಅವರು ತೀರಿಕೊಂಡಾಗಲೇ ನಿಮಗೆ ಬಂದಿದೆ, ಖಾತೆ ಬದಲಾವಣೆ ಅದನ್ನು ದಾಖಲೆಗೆ ತರುತ್ತದೆ ಅಷ್ಟೇ. ಆದರೂ ತಾಯಿಯವರೂ ನೀವು ಮೂವರೂ ಊರಿನಲ್ಲಿರುವ ದಿನಗಳಲ್ಲೇ ಉಪನೋಂದಣಾಧಿಕಾರಿ ಕಚೇರಿಯ ಕೆಲಸ ಮುಗಿಸಿಕೊಂಡರೆ ದೂತಾವಾಸದ ಓಡಾಟ ಉಳಿಯುತ್ತದೆ. ಬರುವಾಗ ತಂದೆಯವರ ಮರಣ ಪ್ರಮಾಣಪತ್ರ, ವಂಶವೃಕ್ಷ, ಹಳೆಯ ಪಹಣಿ ಮತ್ತು ಮನೆಗಂದಾಯದ ರಸೀದಿಗಳನ್ನು ಅಕ್ಕನವರ ಬಳಿ ಒಟ್ಟು ಮಾಡಿಸಿಡಿ.