'ಕೈಗಾರಿಕಾ ವಿದ್ಯುದೀಕರಣ': ಈ ಪ್ರಯೋಗ ಸಲ್ಲುತ್ತದೆಯೇ?

ಮಾನ್ಯರೇ,

ಹಾಸನದ ಕೈಗಾರಿಕಾ ಪ್ರದೇಶದ ಉದ್ಯಮಿಗಳಿಗಾಗಿ ಸಿದ್ಧವಾಗುತ್ತಿರುವ ಒಂದು ಕನ್ನಡ ಕೈಪಿಡಿಯ ಕರಡನ್ನು ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿದೆ. ಬಾಯ್ಲರುಗಳಿಗೆ ಹಾಕುವ ಸೌದೆ, ಕಲ್ಲಿದ್ದಲು, ಫರ್ನೇಸ್ ಎಣ್ಣೆಗಳನ್ನು ಬಿಟ್ಟು ಕಾರ್ಖಾನೆಗಳು ವಿದ್ಯುತ್ತಿನಿಂದಲೇ ಶಾಖ ಪಡೆಯತೊಡಗಿದರೆ ಹೆಚ್ಚಿನ ವೋಲ್ಟೇಜಿನ ಪ್ರಸರಣ ಜಾಲ ಹೇಗೆ ಬೆಳೆಯಬೇಕಾಗುತ್ತದೆ ಎಂಬುದು ಅದರ ವಿಷಯ. ಈ ಬದಲಾವಣೆಗೆ ಕರಡಿನ ಉದ್ದಕ್ಕೂ 'ಕೈಗಾರಿಕಾ ವಿದ್ಯುದೀಕರಣ' ಎಂಬ ಪದವನ್ನು ಬಳಸಲಾಗಿದೆ. ಅದನ್ನು ಹಾಗೆಯೇ ಉಳಿಸಬಹುದೇ ಎಂಬುದು ನನ್ನ ಮುಖ್ಯ ಪ್ರಶ್ನೆ.

ನಮ್ಮ ಕಿವಿಗೆ ಬಿದ್ದಿರುವ 'ಗ್ರಾಮೀಣ ವಿದ್ಯುದೀಕರಣ'ದ ಅರ್ಥ ಕರೆಂಟು ಇಲ್ಲದ ಊರಿಗೆ ಕಂಬ, ತಂತಿ ಎಳೆದು ದೀಪ ಹಚ್ಚುವುದು. ಕೈಗಾರಿಕಾ ಪ್ರದೇಶದ ಓದುಗರು ಈ ಅರ್ಥವನ್ನೇ ಹಿಡಿದರೆ, 'ನಮಗೆ ಕರೆಂಟು ಎಂದೋ ಬಂದಿದೆಯಲ್ಲ' ಎಂದು ಪುಟ ಮಗುಚುತ್ತಾರೆ. 'ರೈಲು ಮಾರ್ಗದ ವಿದ್ಯುದೀಕರಣ' ಎನ್ನುವಾಗ ಮಾತ್ರ ಅರ್ಥ ಬೇರೆಯಾಗುತ್ತದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗಿನ ಸುಮಾರು 55 ಕಿ.ಮೀ. ಘಟ್ಟದ ಹಾದಿಯಲ್ಲಿ ರೈಲು ಮೊದಲಿನಿಂದಲೂ ಓಡುತ್ತಿತ್ತು, 25 ಕೆ.ವಿ. (ಕಿಲೋವೋಲ್ಟ್, ಅಂದರೆ ಸಾವಿರ ವೋಲ್ಟ್) ತಂತಿ ಬಂದದ್ದು ಡೀಸೆಲ್ ಎಂಜಿನ್ನಿನ ಬದಲಿಗೆ ವಿದ್ಯುತ್ ಎಂಜಿನ್ ಎಳೆಯಲೆಂದು. ಕೈಪಿಡಿಗೆ ಬೇಕಾಗಿರುವುದು ಈ ಎರಡನೆಯ ಅರ್ಥ. ಅದು ಕನ್ನಡಕ್ಕೆ ಹೊಸದಲ್ಲ, ಆದರೆ ಮೊದಲನೆಯದರ ನೆರಳಿನಲ್ಲಿ ಮುಚ್ಚಿಹೋಗಿದೆ ಎಂದು ನನ್ನ ಅನಿಸಿಕೆ.

ಪದದ ರೂಪದ ಬಗ್ಗೆಯೂ ಒಂದು ಮಾತು. ಕರಡಿನಲ್ಲಿ ವಿದ್ಯುದೀಕರಣ, ವಿದ್ಯುತೀಕರಣ, ವಿದ್ಯುದ್ದೀಕರಣ ಎಂಬ ಮೂರೂ ಇವೆ. ತಕಾರವನ್ನು ದಕಾರವಾಗಿಸುವ ಜಶ್ತ್ವ ಸಂಧಿಯ ನೆಲೆಯಲ್ಲಿ ಮೊದಲನೆಯದನ್ನೇ ಇಟ್ಟುಕೊಂಡಿದ್ದೇನೆ. ಮೂರನೆಯದರಲ್ಲಿ ದಕಾರಕ್ಕೆ ಒತ್ತು ಏಕೆ ಬಂತೆಂದು ತಿಳಿಯದು. ಶುದ್ಧೀಕರಣವೆಂದರೆ ಶುದ್ಧವಲ್ಲದ್ದನ್ನು ಶುದ್ಧವಾಗಿಸುವುದು ಎಂಬ ಲೆಕ್ಕದಲ್ಲಿ ವಿದ್ಯುದೀಕರಣವೆಂದರೆ ವಿದ್ಯುತ್ ಅಲ್ಲದ್ದನ್ನು ವಿದ್ಯುತ್ತಾಗಿಸುವುದು, ಅಂದರೆ ಉತ್ಪಾದನೆ, ಎಂದಾಗಬೇಕಿತ್ತು! ರೂಢಿ ಅದನ್ನು ಬೇರೆಡೆಗೆ ಒಯ್ದಿದೆ, ಇರಲಿ.

ಅರ್ಥದ ಈ ಗೊಂದಲ ಜಾಲದ ಲೆಕ್ಕಾಚಾರವನ್ನೇ ಮಸುಕಾಗಿಸುವುದರಿಂದ ಇದನ್ನು ಇಷ್ಟು ಬೆಳೆಸುತ್ತಿದ್ದೇನೆ. ಗಂಟೆಗೆ 10 ಟನ್ ಉಗಿ ಕೊಡುವ ಬಾಯ್ಲರನ್ನು ವಿದ್ಯುತ್ತಿನಿಂದ ನಡೆಸಲು ಹೆಚ್ಚುಕಡಿಮೆ 7 ಮೆಗಾವಾಟ್ ಬೇಕು. ಬಟ್ಟೆಗೆ ಬಣ್ಣ ಹಾಕುವ ಘಟಕವೋ ಡೇರಿಯೋ ಇಂಥದೊಂದನ್ನು ಹಾಕಿಸಿಕೊಂಡರೆ 11 ಕೆ.ವಿ. ಮಾರ್ಗವೊಂದರ ಬಹುಪಾಲು ಸಾಮರ್ಥ್ಯ ಅಲ್ಲಿಗೇ ಮುಗಿಯುತ್ತದೆ. ಅಕ್ಕಪಕ್ಕದಲ್ಲಿ ಎರಡು ಮೂರು ಬಂದರೆ 66 ಅಥವಾ 220 ಕೆ.ವಿ. ಮಟ್ಟದಲ್ಲೇ ಹೊಸ ಏರ್ಪಾಡು ಬೇಕು. 'ಕರೆಂಟು ಬರುವುದು' ಎಂಬ ಅರ್ಥದ ವಿದ್ಯುದೀಕರಣಕ್ಕೆ ಒಂದು ಟಿ.ಸಿ. (ಊರಿನ ಟ್ರಾನ್ಸ್‌ಫಾರ್ಮರ್) ಕೂರಿಸಿದರೆ ಸಾಕು. 'ಉರುವಲನ್ನು ಬಿಟ್ಟು ಕರೆಂಟಿಗೆ ಬರುವುದು' ಎಂಬ ಅರ್ಥದ್ದಕ್ಕೆ ಹಾಗಾಗದು.

ಆದ್ದರಿಂದಲೇ ಕರಡಿನ 'ಜಾಲ ವಿಸ್ತರಣೆ'ಯೂ ನನಗೆ ಪೂರ್ತಿ ಒಪ್ಪಿಗೆಯಾಗುತ್ತಿಲ್ಲ. ವಿಸ್ತರಣೆ ಎಂದೊಡನೆ ತಂತಿ ಹೊಸ ಊರುಗಳಿಗೆ ಹಬ್ಬಿದ ಚಿತ್ರವೇ ಕಣ್ಣಿಗೆ ಬರುತ್ತದೆ. ಇಲ್ಲಿ ನಡೆಯಬೇಕಾದ ಕೆಲಸದ ಬಹುಭಾಗ ಇರುವ ಜಾಗದಲ್ಲೇ ಬಲ ಹೆಚ್ಚಿಸುವುದು: ಪರಿವರ್ತಕಗಳ (ಟ್ರಾನ್ಸ್‌ಫಾರ್ಮರ್‌ಗಳ) ಸಾಮರ್ಥ್ಯ ಏರಿಸುವುದು, ಹೆಚ್ಚು ಕರೆಂಟು ತಾಳುವ ತಂತಿ ಹಾಕುವುದು, 66 ಕೆ.ವಿ. ಇದ್ದಲ್ಲಿಗೆ 220 ಕೆ.ವಿ. ತರುವುದು. ಅಷ್ಟೇ ವಿದ್ಯುತ್ತನ್ನು ಅದೇ ದಪ್ಪದ ತಂತಿಯಲ್ಲಿ 66ರ ಬದಲು 220 ಕೆ.ವಿ.ಯಲ್ಲಿ ಸಾಗಿಸಿದರೆ ತಂತಿಯಲ್ಲಿ ಆಗುವ ನಷ್ಟ ಸುಮಾರು ಹನ್ನೊಂದರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಇಲಾಖೆಯ ಪ್ರಕಟಣೆಗಳ 'ಮೇಲ್ದರ್ಜೆಗೇರಿಸುವುದು' ಇದಕ್ಕೆ ಹತ್ತಿರವಿದೆ. ನಾನು 'ಜಾಲದ ವಿಸ್ತರಣೆ ಮತ್ತು ಬಲವರ್ಧನೆ' ಎಂದು ಬರೆದುಕೊಂಡಿದ್ದೇನೆ. ಕರಾವಳಿಯ ನಂದಿಕೂರಿನಿಂದ ಘಟ್ಟ ಹತ್ತಿ ಹಾಸನದ ಬಳಿಯ ಶಾಂತಿಗ್ರಾಮಕ್ಕೆ ಬಂದ 400 ಕೆ.ವಿ. ಮಾರ್ಗದಂಥದಕ್ಕೆ ಬೇಕಾದರೆ ವಿಸ್ತರಣೆ ಎನ್ನೋಣ.

ಇನ್ನು ವೋಲ್ಟೇಜಿಗೆ ಹೇಳುವ 'ಒತ್ತಡ'. 'ಅಧಿಕ ಒತ್ತಡದ ಮಾರ್ಗ' ಎಂಬುದು ಪತ್ರಿಕೆಗಳಲ್ಲಿ ಬಳಕೆಯಲ್ಲಿದೆ. ಬೇರೆ ಕಡೆ ಅದಕ್ಕೆ ನನ್ನ ತಕರಾರಿಲ್ಲ. ಆದರೆ ಈ ಕೈಪಿಡಿಯಲ್ಲಿ ಬಾಯ್ಲರಿನ 'ಅಧಿಕ ಒತ್ತಡದ ಉಗಿ'ಯೂ ಅದೇ ಪುಟದಲ್ಲಿ ಬರುತ್ತದೆ. ಉಗಿಯ ಒತ್ತಡ ಬಿಟ್ಟು ವಿದ್ಯುತ್ತಿನ ಒತ್ತಡಕ್ಕೆ ಬನ್ನಿ ಎಂದರೆ ಓದುಗರಿಗೆ ಏನು ತಿಳಿಯಬೇಕು? ವೋಲ್ಟೇಜಿಗೇ ಇರುವ 'ವಿಭವಾಂತರ' ಪಠ್ಯಪುಸ್ತಕದಲ್ಲೇ ಉಳಿದ ಪದ. ಲೋ ವೋಲ್ಟೇಜಿನ ತೊಂದರೆ ಗೊತ್ತಿಲ್ಲದ ಮನೆ ನಮ್ಮ ಕಡೆ ಇಲ್ಲವಾದ್ದರಿಂದ 'ವೋಲ್ಟೇಜ್' ಎಂದೇ ಉಳಿಸಿದ್ದೇನೆ. ತೋಟದವರು ಹೇಳುವ 'ಹೈಟೆನ್ಷನ್ ಲೈನ್' ಮಾತಿಗೆ ಚೆನ್ನ, ಆದರೆ 11 ಕೆ.ವಿ.ಗೂ 400 ಕೆ.ವಿ.ಗೂ ಅದನ್ನೇ ಹೇಳುತ್ತಾರೆ.

ಮಾರ್ಗದ ಕೆಳಗೆ ಮರ ಬೆಳೆಸದೆ ಬಿಡಬೇಕಾದ ಪಟ್ಟಿಯನ್ನು, ವಾಡಿಕೆಯ ಲೆಕ್ಕದಲ್ಲಿ 66 ಕೆ.ವಿ.ಗೆ 18 ಮೀಟರ್, 220ಕ್ಕೆ 35 ಮೀಟರ್, ಎಲ್ಲರೂ 'ಕಾರಿಡಾರ್' ಎನ್ನುತ್ತಾರೆ. ಆಲೂರು, ಸಕಲೇಶಪುರದ ಕಡೆ ಕಾರಿಡಾರ್ ಎಂದರೆ ಮೊದಲು ನೆನಪಾಗುವುದು ಆನೆ. 'ತಂತಿಪಟ್ಟಿ' ಎಂದರೆ ವಿಚಿತ್ರವಾಗಿ ಕೇಳಿಸುತ್ತದೆಯೇ?

ಮೊದಲ ಪ್ರಶ್ನೆಗೆ ಸದ್ಯಕ್ಕೆ ನನ್ನ ಬಳಿ ಇರುವ ಉತ್ತರ, ಮೊದಲ ಸಲ ಬಂದಾಗ 'ಉರುವಲಿನಿಂದ ವಿದ್ಯುತ್ತಿಗೆ ಪರಿವರ್ತನೆ' ಎಂದು ಬಿಡಿಸಿ ಬರೆದು, ಆಮೇಲೆ 'ವಿದ್ಯುತ್ ಪರಿವರ್ತನೆ' ಎಂದು ಕಿರಿದಾಗಿಸುವುದು. ಆದರೆ ಅದು 'ವಿದ್ಯುತ್ ಪರಿವರ್ತಕ'ದ ಪಕ್ಕದಲ್ಲಿ ನಿಂತು ಮತ್ತೊಂದು ಗೊಂದಲ ಹುಟ್ಟಿಸುತ್ತದೆ. ಶಿವನಸಮುದ್ರದ ವಿದ್ಯುತ್ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಹರಿದಾಗ ಉಗಿಯಂತ್ರಗಳ ಕೆಲಸವನ್ನು ವಿದ್ಯುತ್ ವಹಿಸಿಕೊಂಡಿತ್ತು, ಅಂದರೆ ನಾವು ಇಂದು ಹೇಳಹೊರಟಿರುವುದೇ ಆಗ ನಡೆದಿತ್ತು. ಅದನ್ನು ಆ ಕಾಲದ ಕನ್ನಡದಲ್ಲಿ ಏನೆಂದು ಬರೆದರು? ಹಳೆಯ ಮೈಸೂರು ಸಂಸ್ಥಾನದ ವರದಿಗಳಲ್ಲಾಗಲಿ ಪತ್ರಿಕೆಗಳಲ್ಲಾಗಲಿ ಅಂಥ ಪ್ರಯೋಗವನ್ನು ಕಂಡವರಿದ್ದರೆ ಪೂರ್ತಿ ವಾಕ್ಯದೊಡನೆ ತಿಳಿಸಬೇಕಾಗಿ ಕೋರುತ್ತೇನೆ.